ಕಂಚಿನ ಫ್ಯಾನಿನ ಪಿನ್ನು

ಶಿವನಂಜಮ್ಮ ಮದುವೆಯಾಗಿ ಬೋಗಾದಿ ದಾರಿಯ ಆ ನಾಡಹೆಂಚಿನ ಮನೆಗೆ ಬಂದ ಹೊಸತರಲ್ಲಿ ಅತ್ತೆ ಕೆಂಚಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನೋಡಮ್ಮಿ, ಈ ಮನೇಲಿ ನಿಂಗೊಬ್ಳು ಸವತಿ ಅವ್ಳೆ. ಈಗ್ಲೇ ಏಳ್ಬುಡ್ತೀನಿ, ಆಮೇಲೆ ಅತ್ಕೊಂಡು ಕೂರ್ಬ್ಯಾಡ" ಅಂದಿದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಕೆಂಚಮ್ಮ ನಗು ತಡೆದುಕೊಂಡು ಮೂಲೆಯತ್ತ ಬೆರಳು ತೋರಿಸಿದಳು. ಅಲ್ಲಿ ಗೋಣಿತಾಟಿನ ಮೇಲೆ ಮೂರು ರೆಕ್ಕೆಯ ಲೋಹದ ವಸ್ತುವೊಂದು ಮಲಗಿತ್ತು. "ನನ್ ಮಗ ಅದನ್ನ ತೊಡೆ ಮ್ಯಾಲೆ ಕೂರಿಸ್ಕೊಂಡಷ್ಟು ಒತ್ತು ನಿನ್ನ ಕೂರಿಸ್ಕೊಂಡ್ರೆ, ಆವಾಗ ಕೇಳು!"

ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರಿನ ತುದಿಯಲ್ಲಿ, ನೀರಿನೊಳಗೆ ತಿರುಗಿ ದೋಣಿಯನ್ನು ಮುಂದಕ್ಕೆ ತಳ್ಳುವ ರೆಕ್ಕೆ ಅದು. ಮೋಟಾರಿನ ಜೊತೆ ಬಂದ ಪುಸ್ತಕದಲ್ಲಿ ಅದರ ಹೆಸರು ಪ್ರೊಪೆಲರ್ ಎಂದಿತ್ತಂತೆ. ಮನೆಯಲ್ಲಿ ಎಲ್ಲರಿಗೂ ಅದು ಫ್ಯಾನು.

ಶಿವನಂಜಮ್ಮನ ಗಂಡ ಜವರಯ್ಯ ಯುದ್ಧದ ಕಾಲದಲ್ಲಿ ಪಟಾಲಂ ಸೇರಿ, ಬರ್ಮಾದ ಕಡೆಯ ಹೊಳೆಗಳಲ್ಲಿ ಸಾಮಾನು ಸಾಗಿಸುವ ದೋಣಿಗಳ ಮೇಲೆ ಕೆಲಸ ಕಲಿತವನು. ಊರಿಗೆ ಮರಳಿದ ಮೇಲೆ ಆ ವಿದ್ಯೆಯನ್ನು ಮೈಸೂರಿನಲ್ಲಿ ಎಲ್ಲಿ ಮಾರುವುದು? ಸಂತೇಪೇಟೆಯ ವ್ಯಾಪಾರಿ ಶಿವಮಲ್ಲಪ್ಪನವರಿಗೆ ಒಂದು ಶೋಕಿ ಹುಟ್ಟಿ, ಮದರಾಸಿನಿಂದ ಭಾರಿ ವೇಗದ ವಿಲಾಯತಿ ಮೋಟಾರು ತರಿಸಿ, ಹಲಗೆಯ ದೋಣಿಯೊಂದಕ್ಕೆ ಕೂರಿಸಿ, ಊರಾಚೆಯ ಕೆರೆಯಲ್ಲಿ ಭಾನುವಾರ ಮತ್ತು ದಸರೆಯಲ್ಲಿ ಜನರನ್ನು ಸುತ್ತಿಸಲು ಶುರುಮಾಡಿದಾಗ ಜವರಯ್ಯನಿಗೆ ಅನ್ನ ಸಿಕ್ಕಿತು. ದೋಣಿ ಓಡಿಸುವವನೂ ಅವನೇ, ರಿಪೇರಿಯವನೂ ಅವನೇ, ಕಾವಲುಗಾರನೂ ಅವನೇ.

ಶಿವನಂಜಮ್ಮ ವರುಣದ ಕಡೆಯ ಹಳ್ಳಿಯವಳು. ಮೋಟಾರೆಂದರೆ ಬಸ್ಸು ಮಾತ್ರ ಎಂದುಕೊಂಡಿದ್ದವಳು. ಆದರೆ ಮನೆ ಕೆರೆಯ ಏರಿಗೆ ಕೂಗಳತೆ. ಅನ್ನ ಬಸಿಯುತ್ತಲೇ ಅವಳಿಗೆ ಆ ಮೋಟಾರಿನ ದನಿ ಅಭ್ಯಾಸವಾಯಿತು. ಫ್ಯಾನು ನೀರನ್ನು ಸರಿಯಾಗಿ ಕಚ್ಚಿದರೆ ದನಿ ದಪ್ಪ. ಮೋಟಾರನ್ನು ದೋಣಿಯ ಮೇಲೆ ಎತ್ತರಕ್ಕೆ ಕೂರಿಸಿಬಿಟ್ಟರೆ ಫ್ಯಾನು ನೀರಿನ ಜೊತೆ ಗಾಳಿಯನ್ನೂ ನುಂಗಿ ಕಿರುಚುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ತೀರಾ ಕೆಳಕ್ಕೆ ಕೂರಿಸಿದರೆ ವೇಗ ಸಾಯುತ್ತದೆ, ಕೆರೆಯ ತಳದ ಕಲ್ಲಿಗೂ ತಗಲುತ್ತದೆ. ಹದ ನೋಡಿ ಏರಿಸಲೆಂದು ಜವರಯ್ಯ ಮೋಟಾರಿನ ಹಿಡಿಯ ಕೆಳಗೆ ಇಡುವ ಒಂದು ಹಲಗೆ ತುಂಡು ಕೆತ್ತಿಟ್ಟುಕೊಂಡಿದ್ದ. "ಒಲೆ ಉರಿ ಇದ್ದಂಗೆ ಕಣಮ್ಮಿ, ಜಾಸ್ತಿನೂ ಆಗಬಾರದು, ಕಮ್ಮಿನೂ ಆಗಬಾರದು" ಎಂದು ಅವನು ಹೇಳಿದಾಗ ಅವಳಿಗೆ ಥಟ್ಟನೆ ಅರ್ಥವಾಗಿತ್ತು.

ಮೋಟಾರಿನ ಜೊತೆ ಬಂದ ಫ್ಯಾನು ಅಲ್ಯೂಮಿನಿಯಮ್ಮಿನದು. ಕೆರೆಯ ಕೋಡಿಯ ಹತ್ತಿರ, ನೀರು ತುಂಬಿ ಹೊರಬೀಳುವ ಕಡೆ, ಮುಳುಗಿದ ಹೊಲದ ಬದುಗಲ್ಲುಗಳಿದ್ದವು. ಒಂದೇ ಮಳೆಗಾಲದಲ್ಲಿ ಆ ಕಲ್ಲುಗಳು ಫ್ಯಾನಿನ ರೆಕ್ಕೆಗಳನ್ನು ಇಲಿ ಕಡಿದ ಕೊಬ್ಬರಿಯ ಹಾಗೆ ಮಾಡಿದವು. ರೆಕ್ಕೆಯ ಅಂಚು ಅಷ್ಟು ಹಾಳಾದರೂ ಸಾಕು, ದೋಣಿಯೆಲ್ಲ ನಡುಗುತ್ತದೆ. ಜವರಯ್ಯ ಗಂಟೆ ಎರಕ ಹೊಯ್ಯುವ ಕಂಚುಗಾರನ ಮನೆಗೆ ಅಲೆದಲೆದು, ಅದೇ ಅಳತೆಗೆ ಕಂಚಿನ ಫ್ಯಾನೊಂದನ್ನು ಹೊಯ್ಯಿಸಿಕೊಂಡು ಬಂದ. ಅದೇ ಶಿವನಂಜಮ್ಮನ ಸವತಿ. ಬೆರಳಲ್ಲಿ ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಬರುತ್ತಿತ್ತು.

ಫ್ಯಾನು ಗಟ್ಟಿಯಾಯಿತು, ಸರಿ. ಆದರೆ ಫ್ಯಾನನ್ನು ಮೋಟಾರಿನ ದಂಡಕ್ಕೆ ಕಟ್ಟಿಹಾಕುವುದು ಕಿರುಬೆರಳ ಅರ್ಧದಷ್ಟು ಉದ್ದದ ಒಂದು ಹಿತ್ತಾಳೆ ಪಿನ್ನು. ದಂಡದ ತೂತಿನಲ್ಲಿ ಅಡ್ಡಕ್ಕೆ ಕೂರುವ ಆ ಪಿನ್ನು ಇಲ್ಲದಿದ್ದರೆ ದಂಡ ತನ್ನ ಪಾಡಿಗೆ ತಿರುಗುತ್ತದೆ, ಫ್ಯಾನು ಸುಮ್ಮನೆ ನಿಂತಿರುತ್ತದೆ. ಕಲ್ಲಿಗೆ ಬಡಿದಾಗಲೆಲ್ಲ ಅದು ತುಂಡಾಗುತ್ತಿತ್ತು. ಜನ ತುಂಬಿದ ದೋಣಿ ಕೆರೆಯ ನಡುವೆ ನಿಂತು ನಗೆಪಾಟಲಾಗಿ, ಶಿವಮಲ್ಲಪ್ಪನವರು ಏರಿಯ ಮೇಲಿಂದಲೇ ಕೂಗಾಡಿದ ಒಂದು ಭಾನುವಾರ ಜವರಯ್ಯ ರೋಸಿಹೋಗಿ ಪಿನ್ನಿನ ಜಾಗಕ್ಕೆ ಕಬ್ಬಿಣದ ಮೊಳೆ ಕತ್ತರಿಸಿ ಬಡಿದ. ಆಮೇಲೆ ಕಲ್ಲಿಗೆ ಬಡಿದಾಗ ಮೊಳೆ ಮುರಿಯಲಿಲ್ಲ, ಫ್ಯಾನೂ ಮುರಿಯಲಿಲ್ಲ. ಮೋಟಾರಿನ ಒಳಗೆ ಗೇರಿನ ಹಲ್ಲು ಉದುರಿತು.

"ಪಿನ್ನು ಇರೋದೇ ಮುರಿಯಕ್ಕೆ ಕಣೆ," ಎಂದು ಅವನು ಆ ದಿನ ಮುದ್ದೆ ಮುಟ್ಟದೆ ಕೂತು ಹೇಳಿದ್ದ. "ಅದು ಸತ್ತು ಮಿಕ್ಕಿದ್ದನ್ನ ಉಳಿಸ್ತದೆ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಮೊಳೆ ಹೊಡ್ದೆ." ಮದರಾಸಿನಿಂದ ಗೇರು ಬರುವವರೆಗೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಸಾಹುಕಾರರು ಹೇಳಿ ಕಳಿಸಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲಿನ ಐದಾರನೆಯ ದಸರೆಯ ಹೊತ್ತಿಗೆ ಇಷ್ಟೆಲ್ಲ ಆಗಿತ್ತು. ಶಿವನಂಜಮ್ಮನಿಗೆ ಹೆಣ್ಣುಮಗು ಹುಟ್ಟಿ ಅದು ಅಂಬೆಗಾಲಿಡುತ್ತಿತ್ತು. ಬಸುರಿನಲ್ಲಿ ಊದಿದ ಕಾಲು ಪೂರಾ ಇಳಿದಿರಲಿಲ್ಲ. ತವರಿನವರು ಹಾಕಿದ್ದ ಬೆಳ್ಳಿಯ ಸುತ್ತುಂಗುರಗಳು ಕಾಲ್ಬೆರಳಿನಲ್ಲಿ ಕಚ್ಚಿಕೊಂಡು ಕೂತಿದ್ದವು. ದಪ್ಪ ತಂತಿಯನ್ನು ಸುರುಳಿ ಸುತ್ತಿದಂಥ ಹಳೇ ಮಾದರಿಯವು. ಸ್ನಾನದಲ್ಲಿ ಸೀಗೆಪುಡಿ ಹಚ್ಚಿದರೂ ಒಂದಿಷ್ಟು ತಿರುಗಿದರೆ ಹೆಚ್ಚು.

ಆಯುಧಪೂಜೆಯ ದಿನ ಮನೆಯ ಆಯುಧಗಳೆಲ್ಲ ಗೋಡೆಗೆ ಸೇರಿದವು. ಕುಡುಗೋಲು, ಮಚ್ಚು, ಈಳಿಗೆಮಣೆ, ಜವರಯ್ಯನ ಇಕ್ಕಳ, ಸುತ್ತಿಗೆ, ಸ್ಪ್ಯಾನರು. ಮೋಟಾರು ಭಾರ, ಅದು ದೋಣಿಯಲ್ಲೇ ಇರಲಿ ಎಂದು ಜವರಯ್ಯ ಪ್ರತಿವರ್ಷದ ಹಾಗೆ ಅದರ ಪರವಾಗಿ ಫ್ಯಾನನ್ನು ಬಿಚ್ಚಿ ತಂದಿದ್ದ. ಶಿವನಂಜಮ್ಮ ಹುಣಿಸೆಹಣ್ಣು ಹಾಕಿ ತಿಕ್ಕಿ ಅದನ್ನು ಹೊಂಬಣ್ಣಕ್ಕೆ ತಂದಳು. ಉಳಿದಿದ್ದ ಒಂದೇ ಪಿನ್ನನ್ನೂ ತಿಕ್ಕಿ, ಅದೂ ಆಯುಧವೇ ತಾನೇ ಎಂದು ಕುಂಕುಮ ಇಟ್ಟು, ಕಳೆದುಹೋದೀತೆಂದು ಪುಟ್ಟ ತಟ್ಟೆಯೊಂದರಲ್ಲಿ ಬೇರೆಯಾಗಿ ಇರಿಸಿದಳು. ಮಾರನೆಯ ದಿನ ವಿಜಯದಶಮಿಯ ಪೂಜೆಯಾಗುವ ತನಕ ಇವನ್ನು ಯಾರೂ ಎತ್ತುವಂತಿಲ್ಲ.

"ಬರೀ ಸೇವಂತಿಗೆ ಆಯ್ತಲ್ಲ, ತಾವರೆ ಇದ್ದಿದ್ರೆ ಚೆಂದಿತ್ತು" ಎಂದು ಗೊಣಗಿದವಳು ಕೆಂಚಮ್ಮನೇ. ಅವಳ ಕಿರಿಮಗ ಚೆಲುವರಾಜು, ಮೀಸೆ ಈಗ ತಾನೇ ಚಿಗುರುತ್ತಿದ್ದವನು, "ಅಷ್ಟೇ ತಾನೇ ಅವ್ವ, ತಂದೆ ತಕ್ಕೋ" ಎಂದು ಮೀನುಗಾರರ ಹರಿಗೋಲು ಕೇಳಿಕೊಂಡು ಕೆರೆಗೆ ಹೋದ. ಮಧ್ಯಾಹ್ನ ಬಾಗಿತ್ತು. ಮೂಡಲಿಂದ ಮೋಡ ಕಪ್ಪಾಗಿ ಏರಿ ಗಾಳಿ ಎದ್ದಾಗ, ದೋಣಿಗೆ ತಾಡಪಾಲು ಹೊದಿಸಿ ಬರುತ್ತೇನೆಂದು ಜವರಯ್ಯನೂ ಏರಿಗೆ ಹೊರಟ.

ಕೆಂಚಮ್ಮ ಕರ್ಪೂರ ಹಚ್ಚಿದ್ದಳಷ್ಟೆ. ಪಕ್ಕದ ಮನೆಯ ನೀಲಮ್ಮ ತೊಯ್ದ ಕೋಳಿಯ ಹಾಗೆ ಒಳಗೆ ನುಗ್ಗಿದಳು.

"ಶಿವನಂಜೀ, ಫ್ಯಾನು! ಫ್ಯಾನು ತಕ್ಕೊಂಡು ಓಡ್ಬೇಕಂತೆ! ನಿನ್ ಗಂಡ ಕೂಗ್ತಾವ್ನೆ!"

ಶಿವನಂಜಮ್ಮ ಕೈ ಚಾಚಿದಳು. ಕೆಂಚಮ್ಮ ಅಡ್ಡ ನಿಂತಳು. "ಏಯ್, ಕರ್ಪೂರ ಇನ್ನೂ ಆರಿಲ್ಲ. ನಾಳೆ ಗಂಟ ಮುಟ್ಟಂಗಿಲ್ಲ. ದೋಣಿಗೆ ಏನು ಇವತ್ತೇ ಮುಹೂರ್ತವಾ?"

"ಅತ್ತೆಮ್ಮ, ಚೆಲುವ..." ನೀಲಮ್ಮನಿಗೆ ಉಸಿರು ಸಿಗಲಿಲ್ಲ. "ಹರಿಗೋಲು ಗಾಳಿಗೆ ಸಿಕ್ಕಿ ಕೋಡಿ ಕಡೀಕೆ ಓಯ್ತು. ಹುಟ್ಟು ಕಳ್ಕೊಂಬುಟ್ಟ. ಅಲ್ಲಿ ಮುಳುಗಿರೋ ಜಾಲಿ ಮರ ಇಡ್ಕೊಂಡವ್ನೆ. ಮರ ಅಳ್ಳಾಡ್ತದೆ."

ಆಗ ಫ್ಯಾನನ್ನು ಕಿತ್ತವಳು ಕೆಂಚಮ್ಮನೇ. ಹೂವು, ಅಕ್ಷತೆ, ಉರಿಯುವ ಕರ್ಪೂರ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಅವಳು ಅದನ್ನು ಸೊಸೆಯ ಮಡಿಲಿಗೆ ತುರುಕಿ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಬಾಗಿಲು ಹಾರುಹೊಡೆದು ಮುಂದೆ ಓಡಿದಳು. ಶಿವನಂಜಮ್ಮ ಸೆರಗಿನಲ್ಲಿ ಫ್ಯಾನು ಸುತ್ತಿ ಹಿಂದೆ ಓಡಿದಳು. ಕಂಚು ಹೊಟ್ಟೆಗೆ ಒತ್ತುತ್ತಿತ್ತು. ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಕೆಸರಿನಲ್ಲಿ ಎರಡು ಸಲ ಬಿದ್ದಳು. ಬಿದ್ದಾಗಲೂ ಕೈ ಊರಲಿಲ್ಲ, ಫ್ಯಾನು ಹಿಡಿದುಕೊಂಡೇ ಮಂಡಿಯೂರಿ ಬಿದ್ದಳು.

ಏರಿಯ ಮೇಲೆ ನಾಲ್ಕಾರು ಜನ ಕೈಕೈ ಹಿಸುಕಿಕೊಂಡು ನಿಂತಿದ್ದರು. ಈಜುಬಲ್ಲವರಿದ್ದರು. ಆದರೆ ಕೋಡಿಯ ಸೆಳೆತಕ್ಕೆ, ತಾವರೆಬಳ್ಳಿಯ ತೊಡಕಿಗೆ ಇಳಿಯುವ ಧೈರ್ಯ ಯಾರಿಗಿದ್ದೀತು? ದೂರದಲ್ಲಿ ಜಾಲಿಯ ತುದಿ ಕಾಣುತ್ತಿತ್ತು. ಅದರ ನಡುವೆ ಬಿಳಿ ಅಂಗಿಯ ಒಂದು ಚೂರು. ಅದರಾಚೆ ಕೋಡಿಯ ಭೋರ್ಗರೆತ.

ಜವರಯ್ಯ ಮೋಟಾರನ್ನು ಮೇಲಕ್ಕೆತ್ತಿ ಸಿದ್ಧನಾಗಿದ್ದ. ಫ್ಯಾನನ್ನು ಕಸಿದುಕೊಂಡು ದಂಡಕ್ಕೆ ಏರಿಸಿ, ಹಿಂತಿರುಗದೆ ಕೈಯೊಡ್ಡಿದ.

"ಪಿನ್ನು."

ಶಿವನಂಜಮ್ಮ ಮಡಿಲು ತಡಕಿದಳು. ಸೆರಗು ಕೊಡವಿದಳು. ಒಂದು ಸೇವಂತಿಗೆ ಎಸಳು ಬಿತ್ತು.

"ಪಿನ್ನು ಎಲ್ಲೇ?"

"ತಟ್ಟೇಲಿ... ತಟ್ಟೇಲೇ ಉಳೀತು ಕಣ್ರೀ."

ಜವರಯ್ಯ ಅವಳನ್ನು ನೋಡಿದ. ದೋಣಿ ಕಟ್ಟಿದ್ದದ್ದು ಏರಿಯ ಆಚೆ ತುದಿಯಲ್ಲಿ. ಮನೆಗೆ ಓಡಿ ಹೋಗಿ ಬರುವಷ್ಟು ಹೊತ್ತು ಆ ಮರ ತಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ದೋಣಿಯ ಹಲಗೆಯಿಂದ ಸಡಿಲವಾಗಿದ್ದ ಮೊಳೆಯೊಂದನ್ನು ಉಗುರು ಕಿತ್ತುಹೋಗುವ ಹಾಗೆ ಎಳೆಯತೊಡಗಿದ.

"ಮೊಳೆ ಬ್ಯಾಡಿ," ಅಂದಳು ಶಿವನಂಜಮ್ಮ. "ಅಲ್ಲಿ ಬರೀ ಬದುಗಲ್ಲು. ಗೇರು ಓದ್ರೆ ನೀವಿಬ್ರೂ ಕೋಡಿಗೆ ಬೀಳ್ತೀರಿ."

"ಮತ್ತೇನ್ ಆಕ್ಲೇ? ನನ್ ಬೆರಳು ಆಕ್ಲಾ?"

ಬೆರಳು ಎಂಬ ಮಾತಿಗೇ ಇರಬೇಕು, ಅವಳ ಕಣ್ಣು ತನ್ನ ಕಾಲಿನತ್ತ ಇಳಿಯಿತು. ಕೆಸರಿನಲ್ಲಿ ಬೆಳ್ಳಿ ಮಿಣಕ್ ಎಂದಿತು. ಹೆಚ್ಚುಕಡಿಮೆ ಅದೇ ದಪ್ಪ. ಹಿತ್ತಾಳೆಗಿಂತ ಮೆದು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಉಂಗುರ ಹಿಡಿದು ಎಳೆದಳು. ಬರಲಿಲ್ಲ. ಕೆಸರು ಬಳಿದು ತಿರುಗಿಸಿ ಮತ್ತೆ ಎಳೆದಳು.

ಕೆಂಚಮ್ಮ ಅದನ್ನು ಕಂಡು ಹೌಹಾರಿದಳು. "ಏನ್ ಮಾಡ್ತಿದ್ದೀಯೇ ಪಾಪಿ! ಗಂಡ ನೀರಿಗೆ ಇಳೀತಾವ್ನೆ, ನೀನು ಕಾಲುಂಗುರ ಬಿಚ್ತೀಯಾ? ನನ್ನಂಗೆ ಬೋಳುಗಾಲು ಆಗ್ಬೇಕಾ? ಒಬ್ಬನ್ನ ಕೆರೆ ನುಂಗ್ತಾ ಅದೆ, ಇನ್ನೊಬ್ಬನ್ನ ನೀನು ನುಂಗ್ತೀಯಾ?" ಗಂಡ ಸತ್ತ ದಿನ ಅವಳ ಕಾಲಿನಿಂದ ಉಂಗುರ ತೆಗೆಸಿದ್ದರು. ಮುತ್ತೈದೆ ತಾನಾಗಿ ತೆಗೆಯುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಸೊಂಟದ ಮೇಲಿದ್ದ ಮಗು ಬೆಚ್ಚಿ ಚಿಟ್ಟನೆ ಚೀರಿತು.

"ಚೆಲುವನಿಗೆ ಕಣತ್ತೆ," ಅಂದಳು ಶಿವನಂಜಮ್ಮ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆರಿಗೆಯ ದಿನ ಮುಕ್ಕಿದ ಹಾಗೆ ಮುಕ್ಕಿ ಎಳೆದಳು. ಉಂಗುರ ಗೆಣ್ಣಿನ ಚರ್ಮವನ್ನೂ ಕಿತ್ತುಕೊಂಡೇ ಬಂತು. ಬಲಗಾಲಿನದು ಏನು ಮಾಡಿದರೂ ಅಲುಗಲಿಲ್ಲ.

ಸುತ್ತಿಗೆ, ಇಕ್ಕಳ ಎಲ್ಲ ಪೂಜೆಯಲ್ಲಿ ಕೂತಿದ್ದವು. ಜವರಯ್ಯ ಸುರುಳಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿ, ಏರಿಯ ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿ ನೆಟ್ಟಗೆ ಮಾಡಿದ. ಹಿಂದಕ್ಕೂ ಮುಂದಕ್ಕೂ ಬಾಗಿಸಿ ಎರಡು ತುಂಡು ಮುರಿದ. ತೂತಿಗೆ ಕೊಂಚ ದಪ್ಪವಾಯಿತು. ಎರಡನ್ನೂ ಕಲ್ಲಿಗೆ ಉಜ್ಜಿದ. ಅವನು ಉಜ್ಜುವಷ್ಟು ಹೊತ್ತೂ ಶಿವನಂಜಮ್ಮ ದೂರದ ಆ ಬಿಳಿ ಚೂರಿನ ಮೇಲಿಂದ ಕಣ್ಣು ಕೀಳಲಿಲ್ಲ, ಕಿತ್ತರೆ ಅದು ಬಿದ್ದುಹೋಗುತ್ತದೇನೋ ಎಂಬಂತೆ. ಕೊನೆಗೆ ಒಂದು ತುಂಡು ತೂತಿನೊಳಗೆ ಬಿಗಿಯಾಗಿ ಕೂತಿತು.

"ಹಲಗೆ ಇಡಿ, ಮೋಟಾರು ಮ್ಯಾಲಕ್ಕೆ ಮಾಡ್ಕೊಳಿ, ಕಲ್ಲಿಗೆ ತಗಲ್ತದೆ" ಎಂದು ಅವಳು ಕೂಗುವ ಹೊತ್ತಿಗೆ ಅವನು ಹಲಗೆ ಇಡುತ್ತಲೇ ಇದ್ದ. ಇನ್ನೊಂದು ಬೆಳ್ಳಿ ತುಂಡನ್ನು ಬಾಯಲ್ಲಿಟ್ಟುಕೊಂಡ. ಕಿತ್ತ ಮೊಳೆಯನ್ನು ಜೇಬಿಗೆ ಹಾಕಿಕೊಂಡದ್ದನ್ನು ಅವಳು ನೋಡಿಯೂ ನೋಡದ ಹಾಗಿದ್ದಳು.

ದೋಣಿ ನೀರು ಸೀಳಿ ಹೋಯಿತು. ಆಮೇಲೆ ಮಳೆಯ ಪರದೆಯಾಚೆ ಏನೂ ಸರಿಯಾಗಿ ಕಾಣಲಿಲ್ಲ. ಉಳಿದದ್ದು ದನಿ ಮಾತ್ರ. ಗಾಳಿ ನುಂಗಿ ಆಗಾಗ ಕಿರುಚುತ್ತ, ಮತ್ತೆ ನೀರು ಕಚ್ಚಿ ದಪ್ಪವಾಗುತ್ತ ಮೋಟಾರು ದೂರವಾಯಿತು. ಶಿವನಂಜಮ್ಮ ಮೈಯೆಲ್ಲ ಕಿವಿಯಾಗಿ ನಿಂತಳು. ಒಮ್ಮೆಗೇ ದನಿ ಚೀತ್ಕಾರವಾಗಿ ಏರಿ, ನಿಂತುಹೋಯಿತು.

"ಯಾಕೆ? ಯಾಕೆ ನಿಂತೋಯ್ತು?" ಕೆಂಚಮ್ಮ ಅವಳ ರಟ್ಟೆ ಹಿಡಿದಳು.

"ಪಿನ್ನು ಮುರೀತು ಅತ್ತೆ. ಇನ್ನೊಂದದೆ."

ದೋಣಿ ಕೋಡಿಯ ಕಡೆ ಸರಿಯುತ್ತಿರುವುದು ಮಸುಕಾಗಿ ಕಂಡಿತು. ಜವರಯ್ಯ ಹಿಂಬದಿಗೆ ಬಗ್ಗಿದ್ದ. ಆ ಒದ್ದೆ ಬೆರಳುಗಳು, ಆ ಪುಟ್ಟ ತೂತು. ಬಿದ್ದರೆ ಕೆರೆಯ ಪಾಲು. ಶಿವನಂಜಮ್ಮ ತನ್ನ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿದುಕೊಂಡಳು, ತಾನೇ ಅದನ್ನು ಸಿಕ್ಕಿಸುತ್ತಿರುವ ಹಾಗೆ. ಮೋಟಾರು ಕೆಮ್ಮಿತು. ಮತ್ತೆ ಹಿಡಿಯಿತು.

ಜಾಲಿಯ ಹತ್ತಿರ ದೋಣಿ ಹೋದದ್ದು, ಬಿಳಿ ಚೂರು ಮರ ಬಿಟ್ಟು ದೋಣಿಯೊಳಗೆ ಬಿದ್ದದ್ದು, ಅದರ ಬೆನ್ನಿಗೇ ಮರ ಒಂದು ಮಗ್ಗುಲಿಗೆ ವಾಲಿ ನೀರಿನೊಳಗೆ ಇಳಿದದ್ದು, ಎಲ್ಲ ಮಸುಕಾಗಿ ಕಂಡಿತು. ಏರಿಯ ಮೇಲಿದ್ದವರೆಲ್ಲ ಹೋ ಎಂದರು. ಆ ಹೋ ಮುಗಿಯುವ ಮೊದಲೇ ಮತ್ತೆ ಅದೇ ಚೀತ್ಕಾರ, ಅದೇ ಮೌನ.

"ಈಗ?" ಅಂದಳು ಕೆಂಚಮ್ಮ. "ಇನ್ನೊಂದದಾ?"

ಬಲಗಾಲಿನ ಉಂಗುರ ಶಿವನಂಜಮ್ಮನ ಬೆರಳಲ್ಲೇ ಇತ್ತು. ನೀರಿಗೆ ಎಸೆದರೆ ಅದು ಅವನನ್ನು ಮುಟ್ಟುತ್ತದೆಯೇ? ಕೆಂಚಮ್ಮ ಆ ಕಾಲನ್ನು ನೋಡಿದಳು, ಕುಸಿದು ಕೂತಳು, ಸೊಸೆಯ ಬೆರಳು ಹಿಡಿದು ಉಂಗುರವನ್ನು ತಾನೇ ಎಳೆಯತೊಡಗಿದಳು. "ಬಾರೋ, ಬಾರೋ ನನ್ನಪ್ಪ" ಎನ್ನುತ್ತಾ ಎಳೆದಳು. ಬಂದರೂ ಯಾರ ಕೈಗೆ ಕೊಡುವುದು ಎಂದು ಅವಳಿಗೂ ತಿಳಿಯದು. ಶಿವನಂಜಮ್ಮ ತಡೆಯಲಿಲ್ಲ.

ಮೋಟಾರು ಮತ್ತೆ ಗುಡುಗಿತು. ಈ ಸಲ ಬೇರೆ ದನಿ, ಗಡುಸು. ಮೊಳೆ, ಎಂದು ಅವಳಿಗೆ ತಿಳಿಯಿತು. ಇಷ್ಟು ದಿನ ಆ ದನಿಗೆ ಹೆದರಿದ್ದವಳು ಈಗ ಅದಕ್ಕೇ ಮನಸ್ಸಿನಲ್ಲಿ ಕೈಮುಗಿದಳು. ದೋಣಿ ಸೆಳೆತಕ್ಕೆ ಎದುರಾಗಿ ಇಂಚಿಂಚಾಗಿ ಏರಿಯತ್ತ ಬಂತು. ಒಂದು ಸಲ ಕಲ್ಲಿಗೆ ಬಡಿಯಿತು, ಮೊಳೆ ತಡೆಯಿತು. ಇನ್ನೊಂದು ಸಲ ಬಡಿಯಿತು. ಒಳಗೆ ಏನೋ ಕಟಕಟ ಅಂದಿತು, ಕಲ್ಲುಪ್ಪು ಅಗಿದ ಹಾಗೆ. ಏರಿ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಗೇರು ಪುಡಿಯಾಗಿ ಮೋಟಾರು ಸತ್ತಿತು.

"ಹಗ್ಗ ಎಸೀರ್ಲಾ!" ಯಾರೋ ಎತ್ತಿನ ಮಿಣಿ ಎಸೆದರು. ಮೊದಲ ಎಸೆತ ತಪ್ಪಿತು. ಎರಡನೆಯದು ಜವರಯ್ಯನ ಹೆಗಲ ಮೇಲೆ ಬಿತ್ತು. ಎಳೆಯುವವರ ಸಾಲಿನಲ್ಲಿ ಶಿವನಂಜಮ್ಮ, ಅವಳ ಹಿಂದೆ ನೀಲಮ್ಮ. ದೋಣಿ ಏರಿಯ ಕಲ್ಲಿಗೆ ಬಂದು ಒರಗಿದಾಗ ಕೋಡಿಗೆ ಹತ್ತೆಂಟು ಮಾರಿಗಿಂತ ಹೆಚ್ಚು ದೂರವಿರಲಿಲ್ಲ.

ಚೆಲುವರಾಜುವಿನ ಕೈ, ಎದೆ ಎಲ್ಲ ಜಾಲಿಮುಳ್ಳಿಗೆ ಹರಿದಿತ್ತು. ತುಟಿ ನೀಲಿಯಾಗಿತ್ತು. ಅವ್ವನ ಮಡಿಲಲ್ಲಿ ಬಿದ್ದು ಹಲ್ಲು ಕಟಕಟಿಸುತ್ತಲೇ ಅಂದ: "ತಾವರೆ... ಓಯ್ತು ಅವ್ವ."

"ಆ ತಾವರೆ ಹೆಸರೆತ್ತಿದ್ರೆ ಬಾಯಿಗೆ ಬರೆ ಆಕ್ತೀನಿ ನನ್ ಮಗ್ನೆ!" ಎಂದು ಕೆಂಚಮ್ಮ ಅವನ ಕೆನ್ನೆಗೆ ಹೊಡೆದು, ಹೊಡೆದ ಕೆನ್ನೆಯನ್ನೇ ತಬ್ಬಿಕೊಂಡು ಗೊಳೋ ಎಂದಳು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅರಮನೆಯ ಕಡೆಯ ಆಕಾಶ ದಸರೆಯ ದೀಪಗಳಿಂದ ಕೆಂಪಾಗಿತ್ತು. ಚೆಲುವನಿಗೆ ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಿ, ಮಗುವಿಗೆ ಹಾಲೂಡಿಸಿ ಮುಗಿಸಿದ ಮೇಲೇ ಶಿವನಂಜಮ್ಮನಿಗೆ ಕಾಲು ಉರಿಯುವುದು ಅರಿವಿಗೆ ಬಂತು. ಜವರಯ್ಯ ಫ್ಯಾನನ್ನು ಬಿಚ್ಚಿ ತಂದು ಹೊಸಲಲ್ಲಿ ಕೂತಿದ್ದ. ಅಷ್ಟು ಕಲ್ಲಿಗೆ ಬಡಿದರೂ ಕಂಚಿನ ರೆಕ್ಕೆಯ ಅಂಚಿನಲ್ಲಿ ಒಂದೆರಡು ಕಚ್ಚು ಬಿಟ್ಟರೆ ಏನೂ ಆಗಿರಲಿಲ್ಲ.

"ಮೋಟಾರು ಮುಗೀತು," ಅಂದ. "ನಾಡಿದ್ದು ಸಾಹುಕಾರ್ರು ಬತ್ತಾರೆ."

"ಬರ್ಲಿ ಬುಡಿ."

"ಕೆಲಸ ಓಯ್ತದೆ ಕಣೆ."

"ಗೊತ್ತು ಕಣ್ರೀ. ಮೊದ್ಲು ಒದ್ದೆ ಬಟ್ಟೆ ಬದ್ಲಾಯ್ಸಿ."

ಅಡುಗೆಮನೆಯಿಂದ ಕೆಂಚಮ್ಮ ಬಂದಳು. ಕೈಯಲ್ಲಿ ಬಿಸಿನೀರಿನ ತಂಬಿಗೆ, ಅರಿಶಿನದಲ್ಲಿ ನೆನೆಸಿದ ದಾರ. ಜೊತೆಗೆ ನೀಲಮ್ಮ. ಕೆಂಚಮ್ಮ ಯಾರ ಮುಖವನ್ನೂ ನೋಡದೆ ಕೂತು, ಸೊಸೆಯ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಶಿವನಂಜಮ್ಮ ಗಾಬರಿಯಾಗಿ ಕಾಲು ಎಳೆದುಕೊಳ್ಳಲು ನೋಡಿದಳು.

"ಸುಮ್ಕಿರು," ಎಂದು ಗದರಿದಳು ಕೆಂಚಮ್ಮ. ರಕ್ತ, ಕೆಸರು ತೊಳೆದಳು. ಸುಲಿದ ಗೆಣ್ಣಿಗೆ ಕೊಬ್ಬರಿ ಎಣ್ಣೆ ಸವರಿದಳು. ಆಮೇಲೆ ದಾರವನ್ನು ನೀಲಮ್ಮನ ಕೈಗಿಟ್ಟಳು. "ನೀನು ಮುತ್ತೈದೆ, ನೀ ಕಟ್ಟು. ಬೆಳ್ಳಿ ಬರಾಗಂಟ ಇದಿರ್ಲಿ. ನಾನು ಕಾಲು ಇಡ್ಕೋತೀನಿ."

ನೀಲಮ್ಮ ಬೆರಳಿಗೆ ದಾರ ಸುತ್ತಿ ಗಂಟು ಹಾಕುವವರೆಗೆ ಕೆಂಚಮ್ಮ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಗಂಟು ಬಿದ್ದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಜವರಯ್ಯ ಎದ್ದು ಫ್ಯಾನನ್ನು ಒರೆಸಿ ಕೊಟ್ಟ. ಶಿವನಂಜಮ್ಮ ಕುಂಟುತ್ತಾ ಹೋಗಿ, ಚೆದುರಿದ ಹೂಗಳನ್ನು ಒಟ್ಟು ಮಾಡಿ, ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ಕುಂಕುಮ ಇಟ್ಟಳು. ಪಕ್ಕದಲ್ಲಿ ಪುಟ್ಟ ತಟ್ಟೆ ಇಟ್ಟಲ್ಲೇ ಇತ್ತು. ಒಂದು ಸೇವಂತಿಗೆಯ ಕೆಳಗೆ ಹಿತ್ತಾಳೆಯ ಪಿನ್ನು, ಹಣೆಗೆ ಬೊಟ್ಟು ಇಟ್ಟುಕೊಂಡ ಹಾಗೆ, ಥಳಥಳ ಹೊಳೆಯುತ್ತಾ ಮಲಗಿತ್ತು. ಅವಳು ಕೈ ಚಾಚಿದಳು. ಮುಟ್ಟುವ ಮುಂಚೆ ಕೈ ನಿಂತಿತು.

"ನಾಳೆ ಪೂಜೆ ಆಗ್ಲಿ ಕಣಮ್ಮಿ," ಅಂದಳು ಹಿಂದಿನಿಂದ ಕೆಂಚಮ್ಮ, ಮೆಲ್ಲಗೆ. ಇನ್ನೊಂದು ಬಿಲ್ಲೆ ಕರ್ಪೂರಕ್ಕೆ ಬೆಂಕಿಕಡ್ಡಿ ಗೀರಿದಳು.